ಎರಡನೇ ಡೋಸ್

ಸೂತ್ರಿಕಾ ಬಯೋಥೆರಪ್ಯುಟಿಕ್ಸ್ ಕಂಪನಿಗೆ ಹತ್ತು ವರ್ಷ ತುಂಬುವ ಹೊತ್ತಿಗೆ ಅದರ ಇತಿಹಾಸವನ್ನು ಪುಸ್ತಕ ಮಾಡಿಸಬೇಕೆಂಬ ಆಸೆ ಅದರ ಮುಖ್ಯಸ್ಥ ಗುರುರಾಜ್‌ಗೆ ಹುಟ್ಟಿತು. ಅದು ಬರಿ ಆಸೆಯೂ ಅಲ್ಲ. ಯುರೋಪಿನ ದೊಡ್ಡ ಔಷಧ ಕಂಪನಿಯೊಂದು ಸೂತ್ರಿಕಾವನ್ನು ಕೊಂಡುಕೊಳ್ಳುವ ಮಾತಾಡುತ್ತಿತ್ತು. ಹೆಣ್ಣು ನೋಡಲು ಬಂದವರ ಮುಂದೆ ಮನೆತನದ ಹಿರಿಮೆ ಹೇಳಿಸುವ ಹಾಗೆ ಈ ಪುಸ್ತಕ. ಜಾಹೀರಾತು ಸಂಸ್ಥೆಯ ನಿವೇದಿತಾ ಎಂಬ ಹುಡುಗಿ ಬರೆದ ಕರಡು ಒಂದು ಸೋಮವಾರ ಚನ್ನಬಸಮ್ಮನ ಮೇಜಿಗೆ ಬಂತು.

"ಚನ್ನಾ, ಮೊದಲ್ನೇ ದಿನದಿಂದ ಇರೋರು ಅಂದ್ರೆ ನಾನು, ನೀವು ಇಬ್ರೇ," ಎಂದಿದ್ದ ಗುರುರಾಜ್. "ಡೇಟ್ಸು, ಹೆಸರು ಎಲ್ಲ ಸರಿ ಇದ್ಯಾ ಒಂದ್ಸಲ ಕಣ್ಣಾಡಿಸ್ಬಿಡಿ."

ಚನ್ನಬಸಮ್ಮನಿಗೆ ಆಗ ನಲವತ್ತೇಳು. ದಾವಣಗೆರೆಯವಳು, ಜೀವರಸಾಯನಶಾಸ್ತ್ರದಲ್ಲಿ ಡಾಕ್ಟರೇಟು. ವೈಟ್‌ಫೀಲ್ಡಿನ ಗಾಜಿನ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಅವಳ ಕೋಣೆ. ಕನ್ನಡಕ ಹಾಕಿಕೊಂಡು ಮೊದಲ ಪುಟ ತೆಗೆದಳು. 2006ರಲ್ಲಿ ಜಿಗಣಿಯ ಶೆಡ್ಡಿನ ಮುಂದೆ ತೆಗೆದ ಫೋಟೊ. ಅವತ್ತು ನಿಂತವರು ಮೂವರು, ಪುಸ್ತಕದಲ್ಲಿದ್ದವರು ಇಬ್ಬರು. ಗುರುರಾಜನ ಎಡಗೈ ಚಿತ್ರದ ಅಂಚಿನಾಚೆ ಯಾರ ಹೆಗಲ ಮೇಲೋ ಹೋಗಿ ಮಾಯವಾಗಿತ್ತು. ಆ ಹೆಗಲು ಗದಿಗೆಪ್ಪನದು.

ಜಿಗಣಿಯ ಆ ಶೆಡ್ಡಿನಲ್ಲಿ ಮೊದಲು ಪ್ಲಾಸ್ಟಿಕ್ ಬಕೆಟ್ ಮಾಡುತ್ತಿದ್ದರು. ಎಷ್ಟು ತೊಳೆದರೂ ಕರಗಿದ ಪ್ಲಾಸ್ಟಿಕ್ಕಿನ ವಾಸನೆ ಹೋಗಲಿಲ್ಲ. ಗುರುರಾಜ್ ಬಾಸ್ಟನ್ನಿನಲ್ಲಿ ಹನ್ನೊಂದು ವರ್ಷ ಇದ್ದು ಬಂದವನು, ಮಾತಿಗೆ ಕೂತರೆ ಕಲ್ಲನ್ನೂ ಒಪ್ಪಿಸುವ ಬಾಯಿ. ಚನ್ನಬಸಮ್ಮ ಸರ್ಕಾರಿ ಪ್ರಯೋಗಾಲಯದಲ್ಲಿ ಏಳು ವರ್ಷ ತಾತ್ಕಾಲಿಕ ಹುದ್ದೆಯಲ್ಲಿ ಸವೆದು ಬಂದವಳು. ಬ್ಯಾಡಗಿ ಕಡೆಯ ಗದಿಗೆಪ್ಪ ಪಕ್ಕದ ರಸ್ತೆಯ ಕಾರ್ಖಾನೆಯಲ್ಲಿ ಮುಲಾಮು ತಯಾರಿಸುತ್ತಿದ್ದ ಕೆಮಿಸ್ಟು. ಬರಿ ಎಂ.ಎಸ್ಸಿ. ಆದರೆ ಎಣ್ಣೆ, ನೀರು, ಕೊಬ್ಬು ಯಾವುದರ ಜೊತೆ ಯಾವುದು ಹೊಂದುತ್ತದೆಂದು ಬೆರಳಲ್ಲಿ ತಿಕ್ಕಿ ನೋಡಿಯೇ ಹೇಳುತ್ತಿದ್ದ.

ಅವರು ಮಾಡಹೊರಟಿದ್ದು ಜೀನಿನ ಬಾಯಿ ಕಟ್ಟುವ ಔಷಧ. ಗೇಟಿನ ಕಾವಲುಗಾರ ಲಕ್ಷ್ಮಣಪ್ಪ ಒಂದು ದಿನ, "ಒಳಗೆ ಏನ್ ಮಾಡ್ತೀರ ಸಾರ್ ನೀವು?" ಎಂದು ಕೇಳಿದಾಗ ಗದಿಗೆಪ್ಪ ಕೊಟ್ಟ ವಿವರಣೆಗಿಂತ ಚೆನ್ನಾದದ್ದನ್ನು ಚನ್ನಬಸಮ್ಮ ಯಾವ ಸಮ್ಮೇಳನದಲ್ಲೂ ಕೇಳಲಿಲ್ಲ.

"ಊರ ಗೌಡ ತಲಿ ಕೆಟ್ಟು ಕೆಟ್ಟ ಹುಕುಂ ಬರದು ಕಳಸ್ತಾನ ಅಂತ ತಿಳಕೋ. ಗೌಡನ್ನ ಮುಟ್ಟಾಕ ಆಗಂಗಿಲ್ಲ. ನಾವು ದಾರ್‍ಯಾಗ ನಿಂತು ಆಳಿನ ಕೈಯಾಗಿನ ಚೀಟಿ ಕಸಗೊಂಡು ಹರದು ಹಾಕತೀವಿ. ಹುಕುಂ ಮುಟ್ಟಲಿಲ್ಲ, ಕೆಟ್ಟ ಕೆಲಸ ಆಗಲಿಲ್ಲ. ಇಷ್ಟ."

ಅವರು ಹಿಡಿದ ರೋಗ ವಂಶದಲ್ಲಿ ಹರಿದು ಬರುವಂಥದ್ದು. ಪಿತ್ತಜನಕಾಂಗ ಒಂದು ಕೆಟ್ಟ ಪ್ರೋಟೀನನ್ನು ತಯಾರಿಸುತ್ತ ಹೋಗುತ್ತದೆ. ಮೊದಲು ಕಾಲು ಜೋಮು ಹಿಡಿಯುತ್ತದೆ, ಆಮೇಲೆ ನಡಿಗೆ ಹೋಗುತ್ತದೆ, ಕಡೆಗೆ ಹೃದಯ. ಚೀಟಿ ಹರಿಯುವ ಔಷಧವನ್ನು ಚನ್ನಬಸಮ್ಮ ವರ್ಷದೊಳಗೆ ಮಾಡಿದಳು. ಆದರೆ ಅದು ರಕ್ತಕ್ಕೆ ಬಿದ್ದ ಗಳಿಗೆಯಲ್ಲೇ ಚೂರಾಗುತ್ತಿತ್ತು. ಅದನ್ನು ಯಾವುದಾದರೂ ಕೊಬ್ಬಿನ ಕಣದೊಳಗೆ ಸುತ್ತಿ ಕಳಿಸಬೇಕಿತ್ತು. ಹದಿನಾಲ್ಕು ತಿಂಗಳು, ಮುನ್ನೂರಕ್ಕೂ ಹೆಚ್ಚು ಪಾಕ. 2008ರ ಫೆಬ್ರವರಿಯಲ್ಲಿ ಗದಿಗೆಪ್ಪನ ಕಣ ಇಲಿಯ ಪಿತ್ತಜನಕಾಂಗವನ್ನು ಮುಟ್ಟಿತು. ಮೂವರೂ ಶೆಡ್ಡಿನ ಹೊರಗೆ ನಿಂತು ಬಾಳೆಕಾಯಿ ಬಜ್ಜಿ ತಿಂದರು. ಗುರುರಾಜ್ ಕಣ್ಣೊರೆಸಿಕೊಂಡ.

ಏಪ್ರಿಲ್ಲಿನಲ್ಲಿ ಚನ್ನಬಸಮ್ಮ ಇನ್ನೊಂದು ಸಂಗತಿ ಗಮನಿಸಿದಳು. ಮೊದಲ ಡೋಸಿಗೆ ಏನೂ ಆಗದ ಇಲಿಗಳಲ್ಲಿ ಕೆಲವು, ಮೂರು ವಾರ ಬಿಟ್ಟು ಎರಡನೇ ಡೋಸ್ ಕೊಟ್ಟಾಗ ಮೈಕೂದಲು ನಿಮಿರಿಸಿಕೊಂಡು ಪಂಜರದ ಮೂಲೆಯಲ್ಲಿ ಮುದುಡಿ ತಣ್ಣಗಾಗುತ್ತಿದ್ದವು. ನಲವತ್ತರಲ್ಲಿ ಆರು. ಮನುಷ್ಯರಿಗೆ ಕೊಡುವ ಮೊದಲು ಇದನ್ನು ಇನ್ನೂ ನೋಡಬೇಕೆಂದು ಗುರುರಾಜ್‌ಗೆ ಮೇಲ್ ಬರೆದಳು.

"ಇಲಿ ಮನುಷ್ಯ ಅಲ್ಲ ಚನ್ನಾ," ಎಂದ ಅವನು. ಪರದೇಶದ ಪಾಲುದಾರ ಕಂಪನಿಗೆ ಮುಂದಿನ ವರ್ಷದೊಳಗೆ ಮಾನವ ಪರೀಕ್ಷೆ ಎಂದು ಮಾತು ಕೊಟ್ಟಾಗಿತ್ತು. ಅವಳು ಮತ್ತೆ ಕೇಳಲಿಲ್ಲ. ಬರೆದು ತಿಳಿಸಿದ್ದೇನಲ್ಲ, ಅಷ್ಟು ಸಾಕು ಎಂದುಕೊಂಡಳು.

2009ರ ಆಗಸ್ಟಿನಲ್ಲಿ ಪೀಣ್ಯದ ಹತ್ತಿರ ಬಾಡಿಗೆಗೆ ಹಿಡಿದ ಒಂದು ಖಾಸಗಿ ಪರೀಕ್ಷಾ ಕೇಂದ್ರದಲ್ಲಿ ಇಪ್ಪತ್ತನಾಲ್ಕು ಮಂದಿ ಆರೋಗ್ಯವಂತರಿಗೆ ಔಷಧ ಕೊಟ್ಟರು. ಹೆಚ್ಚಿನವರು ಟಿ. ದಾಸರಹಳ್ಳಿಯ ಬಾಡಿಗೆ ಕೋಣೆಗಳಲ್ಲಿದ್ದ ರಾಯಚೂರು, ಕೊಪ್ಪಳ ಕಡೆಯ ಕೂಲಿಕಾರರು. ಒಪ್ಪಿಗೆ ಪತ್ರವನ್ನು ಪಠ್ಯಪುಸ್ತಕದ ಕನ್ನಡದಲ್ಲಿ ಓದಿ ಹೇಳಿದರು, ಅವರು ಹೂಂ ಎಂದರು. ಹದಿನೇಳನೇ ನಂಬರಿನವನು ಲೇತ್ ಮಷೀನಿನ ಮೇಲೆ ಕೆಲಸ ಮಾಡುವ ಇಪ್ಪತ್ತಾರು ವರ್ಷದ ಹುಡುಗ. ಎರಡನೇ ಡೋಸ್ ಕೊಟ್ಟು ಎರಡು ಗಂಟೆಯಾಗುವಷ್ಟರಲ್ಲಿ ಅವನಿಗೆ ಹಲ್ಲು ಕಟಕಟಿಸುವ ಚಳಿ ಬಂತು, ರಕ್ತದೊತ್ತಡ ನೆಲ ಕಚ್ಚಿತು. ಆಸ್ಪತ್ರೆಗೆ ಸಾಗಿಸಿದರು. ಜೀವ ಉಳಿಯಿತು, ಮೂತ್ರಪಿಂಡ ಕೈಕೊಟ್ಟಿತು.

ಅದು ಡೆಂಗ್ಯೂ ಕಾಲ. ಯಾರೋ ರಕ್ತಪರೀಕ್ಷೆ ಮಾಡಿಸಿದರು. ಡೆಂಗ್ಯೂ ತೋರಿಸುವ ಪರೀಕ್ಷಾಪಟ್ಟಿಯ ಮೇಲೆ ಇದ್ದೂ ಇಲ್ಲದಂಥ ಒಂದು ಗೆರೆ ಮೂಡಿತ್ತು.

"ಡೆಂಗ್ಯೂ ಇದೆ ಮೇಡಂ, ಲೈಟಾಗಿ," ಎಂದ ಕೇಂದ್ರದ ವೈದ್ಯ. 'ತೊಂದರೆಗೂ ಔಷಧಕ್ಕೂ ಸಂಬಂಧವಿಲ್ಲ' ಎಂಬ ಫಾರಂ ಜಿಗಣಿಗೆ ಬಂತು. ಕಂಪನಿಯ ಪರವಾಗಿ ಚನ್ನಬಸಮ್ಮ ಸಹಿ ಮಾಡಬೇಕಿತ್ತು. ಗದಿಗೆಪ್ಪ ಅವಳ ಹಿಂದೆ ನಿಂತು ಓದಿದ.

"ಇಲಿಗಳಿಗೂ ಡೆಂಗ್ಯೂ ಆಗಿತ್ತೇನ್ರಿ ಮೇಡಮ್ಮಾರ?"

ಅವಳು ಸಹಿ ಮಾಡಿದಳು. ಹೆದರಿಕೆ, ಒತ್ತಡ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ನಿಜವೆಂದರೆ ಅವತ್ತು ಅವಳನ್ನು ಯಾರೂ ಹೆದರಿಸಿರಲಿಲ್ಲ. ಈ ದೇಶದಲ್ಲಿ ಇಂಥ ಔಷಧ ಮೊದಲು ಮಾಡಿದವಳು ನಾನು ಎಂಬ ಹೆಮ್ಮೆ ಇತ್ತು. ಒಬ್ಬ ಅಪರಿಚಿತನ ಜ್ವರಕ್ಕೆ ಅದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

ಆರು ತಿಂಗಳಿಗೆ ಒಬ್ಬ ಹೆಂಗಸು ಜಿಗಣಿಯ ಗೇಟಿಗೆ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಆಸ್ಪತ್ರೆಯ ಕಾಗದಗಳು. ಲಕ್ಷ್ಮಣಪ್ಪ ಒಳಗೆ ಬಿಡಲಿಲ್ಲ. ಚನ್ನಬಸಮ್ಮ ತಾನೇ ಹೊರಗೆ ಹೋದಳು.

"ನಾನು ಬಸಕ್ಕ ಅಂತ್ರಿ. ಯಮನೂರನ ಹೇಣ್ತಿ. ನಮ್ಮನಿಯವ್ರು ಆ ಸೂಜಿ ಮಾಡಿಸಿಕೊಂಡ ಮ್ಯಾಲೆ ಎದ್ದೇ ಇಲ್ರಿ. ವಾರಕ್ಕ ಎರಡ ಸಲ ರಕ್ತ ತೊಳೀಬೇಕಂತಾರ. ಸೂಜಿಯಿಂದ ಆತೇನ್ರಿ ಇದು?"

ಹದಿನೇಳನೇ ನಂಬರಿನ ಹೆಸರು ಯಮನೂರ ಎಂದು ಚನ್ನಬಸಮ್ಮನಿಗೆ ಗೊತ್ತಾದದ್ದು ಅವತ್ತು.

"ಇಲ್ಲಮ್ಮ. ಅವರಿಗೆ ಡೆಂಗ್ಯೂ ಆಗಿತ್ತು. ರಿಪೋರ್ಟಲ್ಲಿದೆ."

"ಖರೇನ್ರಿ?"

"ಹೌದು."

ಬಸಕ್ಕ ಅವಳ ಮುಖವನ್ನು ಒಂದು ಗಳಿಗೆ ನೋಡಿದಳು. "ನೀವು ನಮ್ಮ ಕಡ್ಯಾವ್ರಂಗ ಕಾಣತೀರಿ. ನೀವು ಸುಳ್ಳ್ಯಾಕ ಹೇಳತೀರಿ," ಎಂದು ಚೀಲ ಎತ್ತಿಕೊಂಡು ಬಸ್‌ಸ್ಟಾಪಿನ ಕಡೆ ಹೋದಳು. ಗದಿಗೆಪ್ಪ ಕೆಲಸ ಬಿಟ್ಟು ಅವಳ ಹಿಂದೆಯೇ ಹೋದದ್ದನ್ನು ಚನ್ನಬಸಮ್ಮ ಕಂಡಳು. ಆ ವಾರವೇ ಅವನು ಗುರುರಾಜ್‌ಗೆ ಒಂದು ಕಾಗದ ಬರೆದ. ಮುಂದಿನ ವಾರ ಅವನ ಗುರುತಿನ ಕಾರ್ಡು ವಾಪಸು ತೆಗೆದುಕೊಂಡರು.

ವರ್ಷದ ಕೊನೆಗೆ ಪರದೇಶದ ಪಾಲುದಾರರೂ ಕೈಬಿಟ್ಟರು. ಅರ್ಧ ಜನ ಮನೆಗೆ ಹೋದರು. ಉಳಿದವರನ್ನು ಗುರುರಾಜ್ ಬಾಗಿಲು ಹಾಕಿದ ಕೋಣೆಯಲ್ಲಿ ಕೂರಿಸಿ ಪರದೆಯ ಮೇಲೆ ಒಂದು ಗ್ರಾಫ್ ತೋರಿಸಿದ. ಹದಿನೇಳನೇ ನಂಬರಿನ ರಕ್ತದ್ದು.

"ಇಲ್ಲಿ ನೋಡಿ, ದೇಹ ನಮ್ಮ ಕೊಬ್ಬಿನ ಮೇಲೆ ತಿರುಗಿ ಬಿದ್ದಿದೆ. ಇದನ್ನ ಸರಿ ಮಾಡಿದ್ರೆ ನಾವು ಗೆದ್ವಿ," ಎಂದ.

ಡೆಂಗ್ಯೂ ಎಂಬ ಮಾತು ಆ ಕೋಣೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಕಣದ ಕೊಬ್ಬು ಬದಲಾಯಿಸಿದರು, ಔಷಧಕ್ಕೆ ಮುಂಚೆ ದೇಹ ತಿರುಗಿ ಬೀಳದಂತೆ ತಡೆಯುವ ಇನ್ನೊಂದು ಸೂಜಿ ಸೇರಿಸಿದರು. ಫಲ ಸಿಕ್ಕಿತು. ಕಂಪನಿ ಜಿಗಣಿ ಬಿಟ್ಟು ವೈಟ್‌ಫೀಲ್ಡಿಗೆ ಬಂತು. 2015ರಲ್ಲಿ, ಪೋರ್ಚುಗಲ್ಲಿನ ಒಬ್ಬ ರೋಗಿ ಗಾಲಿಕುರ್ಚಿಯಿಂದೆದ್ದು ಎಂಟು ಹೆಜ್ಜೆ ನಡೆದ ವಿಡಿಯೊ ನೋಡಿ ಚನ್ನಬಸಮ್ಮ ಅತ್ತಳು. ಆ ಸಂತೋಷದಲ್ಲಿ ಸುಳ್ಳೇನೂ ಇರಲಿಲ್ಲ.

ಈಗ ಕರಡಿನಲ್ಲಿ ಹೀಗಿತ್ತು: '2009: ಇಪ್ಪತ್ತನಾಲ್ಕು ಸ್ವಯಂಸೇವಕರ ಮೇಲೆ ಮೊದಲ ಮಾನವ ಪರೀಕ್ಷೆ ಯಶಸ್ವಿ. 2012: ಪ್ರಾಣಿಗಳ ಮೇಲಿನ ಅಧ್ಯಯನದಲ್ಲಿ ಕಂಡ ಸೂಕ್ಷ್ಮ ಸುಳಿವನ್ನು ಹಿಡಿದು ನಮ್ಮ ವಿಜ್ಞಾನಿಗಳು ಹೊಸ ಕಣವನ್ನು ರೂಪಿಸಿದರು.'

ಎರಡನೇ ವಾಕ್ಯವನ್ನು ಚನ್ನಬಸಮ್ಮ ಮೂರು ಸಲ ಓದಿದಳು. ಪ್ರಾಣಿಗಳ ಸುಳಿವನ್ನು ಬೇಡವೆಂದು ತಳ್ಳಿದವರೇ ಈಗ ಅದಕ್ಕೆ ಕೀರ್ತಿ ಕೊಡುತ್ತಿದ್ದರು. ಮೂತ್ರಪಿಂಡ ಕಳೆದುಕೊಂಡವನ ಸುದ್ದಿಯೇ ಇರಲಿಲ್ಲ. ಅವಳು ಆ ಎರಡು ಸಾಲು ಹೊಡೆದುಹಾಕಿ, ನಡೆದದ್ದನ್ನು ಒಂದು ಪುಟ ಬರೆದು, ಗದಿಗೆಪ್ಪನ ಹೆಸರನ್ನೂ ಸೇರಿಸಿ ಕಳಿಸಿದಳು. ಅರ್ಧ ಗಂಟೆಯಲ್ಲಿ ಗುರುರಾಜ್ ಕರೆಸಿದ.

"ಏನ್ ಚನ್ನಾ ಇದು? ಡೇಟ್ಸ್ ನೋಡಿ ಅಂದ್ರೆ ಚಾರ್ಜ್‌ಶೀಟ್ ಬರ್ದಿದ್ದೀರಲ್ಲ."

"ನಡೆದಿದ್ದೇ ಬರ್ದಿದ್ದೀನಿ ಸರ್. ಯಮನೂರನ ರಕ್ತ ನೋಡಿ ತಾನೇ ನಾವು ಕಣ ಬದಲಾಯಿಸಿದ್ದು?"

"ಯಾರು ಯಮನೂರ?"

ಅವನು ನಟಿಸುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ನಂಬರ್ ಹದಿನೇಳು."

"ಓ..." ಗುರುರಾಜ್ ಕುರ್ಚಿಗೆ ಒರಗಿದ. ದನಿ ಏರಿಸಲಿಲ್ಲ. "ನೋಡಿ, ಕೊಳ್ಳೋರ ಲಾಯರುಗಳು ಒಂದೊಂದು ಕಾಗದ ಕೆದಕ್ತಿದ್ದಾರೆ. ಈಗ ಇದು ಎದ್ರೆ ಔಷಧ ಇನ್ನೈದು ವರ್ಷ ಹಿಂದೆ ಹೋಗತ್ತೆ. ಎಷ್ಟು ರೋಗಿಗಳು ಸಾಯ್ತಾರೆ ಲೆಕ್ಕ ಹಾಕಿದ್ದೀರಾ? ಮತ್ತೆ ಆ ಫಾರಂಗೆ ಸೈನ್ ಹಾಕಿದ್ದು ಯಾರು, ನಾನಾ? ನಿಮ್ಮನ್ನ ಕಾಪಾಡೋಕೂ ಹೇಳ್ತಿದ್ದೀನಿ ಕಣ್ರೀ."

ಸಂಜೆ ಅವಳು ಗದಿಗೆಪ್ಪನ ಹಳೆಯ ನಂಬರಿಗೆ ಫೋನು ಮಾಡಿದಳು. ಅವನು ಜಿಗಣಿಯಲ್ಲೇ ಬಟ್ಟೆ ಒಗೆಯುವ ಪುಡಿ ಮಾಡುವ ಕಾರ್ಖಾನೆಯಲ್ಲಿದ್ದ. ಯಮನೂರ ಎಲ್ಲಿದ್ದಾನೆ ಎಂದು ಕೇಳಿದಳು.

"ಇದನ್ನ ಕೇಳಾಕ ಆರು ವರ್ಷ ಬೇಕಾತೇನ್ರಿ ನಿಮಗ?" ಎಂದ ಗದಿಗೆಪ್ಪ. ಆಮೇಲೆ, "ರವಿವಾರ ಮುಂಜಾನೆ ದಾಸರಹಳ್ಳಿ ಮೆಟ್ರೊ ಹತ್ರ ಬರ್‍ರಿ," ಎಂದ.

ಅವನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವಳಿಗಿಂತ ಮುಂದೆ ನಡೆದು ಒಂದು ಕಟ್ಟಡದ ಮೆಟ್ಟಿಲು ಹತ್ತಿದ. ಮೂರನೇ ಮಹಡಿಯ ಮೇಲೆ ಶೀಟು ಹೊದಿಸಿದ ಒಂದೇ ಕೋಣೆ. ಮಂಚದ ಮೇಲೆ ಯಮನೂರ ಗೋಡೆಗೆ ಒರಗಿ ಕೂತಿದ್ದ. ಮೂವತ್ತಮೂರರ ಗಂಡಸು ಐವತ್ತರವನಂತೆ ಕಾಣುತ್ತಿದ್ದ. ಡಯಾಲಿಸಿಸ್ ಸೂಜಿ ಚುಚ್ಚಿ ಚುಚ್ಚಿ ಎಡಗೈಯ ನರ ಹಗ್ಗದ ಹಾಗೆ ಉಬ್ಬಿತ್ತು. ಪಕ್ಕದಲ್ಲಿ ದಿನದ ನೀರಿನ ಬಾಟಲಿ. ಅದು ಮುಗಿದರೆ ಮತ್ತೆ ಕುಡಿಯುವಂತಿಲ್ಲ. ಊರಿನ ಸುತ್ತ ಡಯಾಲಿಸಿಸ್ ಇಲ್ಲದ್ದಕ್ಕೆ ಅವರು ಬೆಂಗಳೂರಲ್ಲೇ ಉಳಿದಿದ್ದರು. ಬಸಕ್ಕ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು.

ಅವಳು ನೋಡಿದ ಕೂಡಲೇ ಗುರುತು ಹಿಡಿದಳು. "ಗೇಟಿನ್ಯಾಗ ಡೆಂಗೀ ಅಂತ ಹೇಳಿದಾಕಿ ಇಕೀನ."

ಚನ್ನಬಸಮ್ಮ ನೆಲದ ಮೇಲೆ ಕೂತು ಎಲ್ಲ ಹೇಳಿದಳು. ಇಲಿಗಳ ವಿಷಯ, ಗೆರೆಯ ವಿಷಯ, ಸಹಿಯ ವಿಷಯ. ಮೊದಲು ಮಾತಾಡಿದವನು ಯಮನೂರ.

"ಆ ಔಷಧಿ ಕಡೀಗೆ ಆತೇನ್ರಿ?"

"ಆಯ್ತು."

"ಮಂದಿಗೆ ಆರಾಮ ಆಗತೈತೇನ್ರಿ?"

"ಕಾಲು ಬಿದ್ದೋರು ಎದ್ದು ನಡೀತಿದ್ದಾರೆ."

"ನನ್ನಿಂದ ಏನರ ಗೊತ್ತಾತೇನ್ರಿ ನಿಮಗ?"

"ನಿಮ್ಮಿಂದ್ಲೇ ಗೊತ್ತಾಗಿದ್ದು."

ಯಮನೂರ ಮೆಲ್ಲಗೆ ತಲೆಯಾಡಿಸಿದ. ಅವನ ಬತ್ತಿದ ಮುಖದಲ್ಲಿ, ಕೆಲಸ ಚೆನ್ನಾಗಿ ಬಂತು ಎಂದು ಮೇಸ್ತ್ರಿ ಹೇಳಿದಾಗ ಕೆಲಸಗಾರನಿಗೆ ಬರುವಂಥ ಒಂದು ಕಳೆ ಬಂತು. ಅವನು ಬೈದಿದ್ದರೆ ಚನ್ನಬಸಮ್ಮ ತಡೆದುಕೊಳ್ಳುತ್ತಿದ್ದಳು. ಇದನ್ನು ನೋಡಲಾರದೆ ತಲೆ ತಗ್ಗಿಸಿ ಕಣ್ಣೊರೆಸಿಕೊಂಡಳು.

"ಏನ್ ತಲಿ ಅಲ್ಲಾಡಸ್ತೀರಿ ನೀವು!" ಬಸಕ್ಕ ಗಂಡನ ಮೇಲೆ ಸಿಡಿದಳು. "ಅವರ ಔಷಧಿ ಆತು, ನೀವು ಹ್ವಾದ್ರಿ." ಚನ್ನಬಸಮ್ಮನ ಕಡೆ ತಿರುಗಿದಳು. "ನಿಮ್ಮ ಕಣ್ಣೀರು ತಗೊಂಡು ನಾ ಏನ್ ಮಾಡ್ಲಿ? ಈಗ ಹೇಳಿದಿರಲ್ಲ, ಅದನ್ನ ಕಾಗದದ ಮ್ಯಾಲೆ ಬರದು ಕೊಡ್ರಿ. ಅವತ್ತೂ ಕಾಗದದಾಗ ಐತಿ ಅಂತ ನನ್ನ ಕಳಿಸಿದ್ರಿ."

ಅಲ್ಲೇ ಕೂತು ಚನ್ನಬಸಮ್ಮ ಮೂರು ಹಾಳೆ ಬರೆದು ಸಹಿ ಮಾಡಿದಳು. ಮರುದಿನ ರಾಜೀನಾಮೆ ಕೊಟ್ಟಳು. ಇಲಿಗಳ ಬಗ್ಗೆ ಬರೆದಿದ್ದ ತನ್ನ ಹಳೆಯ ಇ-ಮೇಲ್‌ನ ಒಂದು ಪ್ರತಿಯನ್ನೂ ಬಸಕ್ಕನಿಗೆ ಮುಟ್ಟಿಸಿದಳು. ಗದಿಗೆಪ್ಪನ ಪರಿಚಯದ ವಕೀಲ ಇರಣ್ಣ ಔಷಧ ನಿಯಂತ್ರಣ ಇಲಾಖೆಗೆ ದೂರು ಬರೆದ: ಔಷಧದಿಂದಲೇ ಹೀಗಾಯಿತೆಂದು ಒಪ್ಪಬೇಕು, ಬದುಕಿರುವಷ್ಟು ಕಾಲ ಚಿಕಿತ್ಸೆ ಕಂಪನಿಯ ಹೊಣೆ.

ವಿಚಾರಣಾ ಸಮಿತಿ ಕೂತದ್ದು ಮುಂದಿನ ವರ್ಷ ಜುಲೈನಲ್ಲಿ. ಅಷ್ಟರಲ್ಲಿ ಸೂತ್ರಿಕಾ ಮಾರಾಟವಾಗಿ, ಪುಸ್ತಕ ದಪ್ಪ ಕಾಗದದಲ್ಲಿ ಅಚ್ಚಾಗಿ, ಗುರುರಾಜ್ ಇನ್ನೊಂದು ಕಂಪನಿ ತೆಗೆದಿದ್ದ. ಮೂವರು ಹಿರಿಯ ವೈದ್ಯರು ಮೇಜಿನಾಚೆ. ಯಮನೂರನಿಗೆ ಅವತ್ತು ಡಯಾಲಿಸಿಸ್, ಬಸಕ್ಕ ಒಬ್ಬಳೇ ಬಂದಿದ್ದಳು. ಕಂಪನಿಯ ವಕೀಲೆ ಬಹಳ ಮರ್ಯಾದೆಯಿಂದ ಮಾತಾಡಿದಳು. ಇಲಿಗಳ ಕುರಿತ ಮೇಲ್ ಕಂಪನಿಯ ದಾಖಲೆಯಲ್ಲಿ ಸಿಗುತ್ತಿಲ್ಲ. ಇವರ ಬಳಿ ಇರುವುದು ಯಾರು ಬೇಕಾದರೂ ಟೈಪು ಮಾಡಬಹುದಾದ ಹಾಳೆ. ಪರದೆಯ ಮೇಲೆ ತೋರಿಸಿದರೆನ್ನಲಾದ ಗ್ರಾಫ್ ಇಲ್ಲ. ಇರುವುದು ಇದೊಂದು ಎಂದು 2009ರ ಫಾರಂ ಮುಂದಿಟ್ಟಳು.

ಅಧ್ಯಕ್ಷ ಚನ್ನವೀರಪ್ಪ ಅದನ್ನು ಓದಿ ಕನ್ನಡಕ ತೆಗೆದರು. "ಈ ಸಹಿ ನಿಮ್ಮದೇ ಏನಮ್ಮಾ?"

"ನಂದೇ ಸರ್."

"ಅವತ್ತು ಸುಳ್ಳು ಹೇಳಿದ್ರೋ, ಇವತ್ತು ಹೇಳ್ತಿದ್ದೀರೋ?"

"ಅವತ್ತು."

"ಯಾರಾದ್ರೂ ಬಲವಂತ ಮಾಡಿದ್ರಾ?"

ಹೂಂ ಎನ್ನಬಹುದಿತ್ತು. ಇರಣ್ಣ ಹಾಗೇ ಹೇಳಲು ಕಲಿಸಿದ್ದ. ಆದರೆ ಇನ್ನೊಂದು ಸುಳ್ಳಿಗೆ ಅವಳ ನಾಲಿಗೆ ಏಳಲಿಲ್ಲ. "ಇಲ್ಲ ಸರ್. ನಾನೇ ಮಾಡಿದೆ."

ಚನ್ನವೀರಪ್ಪ ಏನನ್ನೋ ಬರೆದುಕೊಂಡರು. "ಡಾಕ್ಟರೇಟ್ ಮಾಡಿದೋರು, ಬಲವಂತ ಇಲ್ದೆ ಸುಳ್ಳು ಸಹಿ ಹಾಕಿದ್ದೆ ಅಂತೀರಿ. ಅಂಥೋರ ಮಾತಿನ ಮೇಲೆ ನಾವು ಈಗ ಏನ್ ನಿರ್ಧಾರ ಮಾಡೋಣ?"

ಗದಿಗೆಪ್ಪನನ್ನೂ ಕೇಳಿದರು. ಕೆಲಸದಿಂದ ತೆಗೆದ ಸಿಟ್ಟಿದೆಯೇ ಎಂದರು. ಇದೆ ಎಂದ ಅವನು.

ಆದೇಶ ಸೆಪ್ಟೆಂಬರಿನಲ್ಲಿ ಬಂತು. ಅದರ ಪ್ರತಿ ತರಲು ಬಸಕ್ಕ ಚನ್ನಬಸಮ್ಮನನ್ನೇ ಕರೆದುಕೊಂಡು ಹೋದಳು. ಇಂಗ್ಲಿಷಿನಲ್ಲಿ ನಾಲ್ಕು ಪುಟ. ಕಚೇರಿಯ ಹೊರಗಿನ ಸಿಮೆಂಟ್ ಬೆಂಚಿನ ಮೇಲೆ ಕೂತರು.

"ನಮ್ಮ ಮಾತಿನ್ಯಾಗ ಓದಿ ಹೇಳ್ರಿ," ಎಂದಳು ಬಸಕ್ಕ. "ಒಂದೂ ಬಿಡಬ್ಯಾಡ್ರಿ."

ಚನ್ನಬಸಮ್ಮ ಓದಿದಳು. ಔಷಧಕ್ಕೂ ಅರ್ಜಿದಾರರ ಕಾಯಿಲೆಗೂ ಸಂಬಂಧ ಸಾಬೀತಾಗಿಲ್ಲ. ಡೆಂಗ್ಯೂ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಆಮೇಲೆ ಮೂರನೇ ಪುಟದಲ್ಲಿ ಅವಳ ಹೆಸರು ಬಂತು. ಓದು ಅಲ್ಲಿಗೆ ನಿಂತಿತು.

"ಯಾಕ ನಿಂತ್ರಿ?"

"ಸಾಕ್ಷಿ ಡಾಕ್ಟರ್ ಚನ್ನಬಸಮ್ಮನವರು ತಮ್ಮದೇ ಹಿಂದಿನ ಲಿಖಿತ ಹೇಳಿಕೆಗೆ ವಿರುದ್ಧವಾಗಿ ಮಾತಾಡಿದ್ದರಿಂದ ಅವರ ಮಾತನ್ನು ನಂಬಲಾಗದು. ಅರ್ಜಿಯನ್ನು ವಜಾ ಮಾಡಲಾಗಿದೆ." ಪುಟ ತಿರುವಿ ಕಡೆಯ ಸಾಲನ್ನೂ ಓದಿದಳು. "ಸಂಶೋಧನೆಗೆ ಅರ್ಜಿದಾರರು ನೀಡಿದ ಸಹಕಾರವನ್ನು ಸಮಿತಿ ಮೆಚ್ಚುತ್ತದೆ."

ರಸ್ತೆಯಲ್ಲಿ ಬಸ್ಸುಗಳು ಹೋದವು.

"ಮ್ಯಾಲಿನ ಕಚೇರಿಗೆ ಹೋಗ್ಬಹುದು ಬಸಕ್ಕ. ಇರಣ್ಣ ಅವರು ಹೇಳ್ತಿದ್ರು..."

"ಅಲ್ಲೂ ನಿಮ್ಮ ಸಹಿ ಇರತೈತಲ್ರಿ."

ಚನ್ನಬಸಮ್ಮ ಆದೇಶದ ಹಾಳೆಗಳನ್ನು ಜೋಡಿಸಿ ಅವಳ ಕೈಗೆ ಕೊಟ್ಟಳು.

"ನಿಮ್ಮ ಮ್ಯಾಲೆ ಸಿಟ್ಟ ಮಾಡಾಕೂ ನನಗ ಪುರಸೊತ್ತಿಲ್ರಿ," ಎಂದಳು ಬಸಕ್ಕ. "ಎರಡು ಗಂಟೆಗೆ ಶಿಫ್ಟ್ ಐತಿ. ಆದ್ರ ನೀವು ಇನ್ನ ಮನಿಗೆ ಬರಬ್ಯಾಡ್ರಿ. ನೀವು ಬಂದ್ ಹ್ವಾದ ದಿನ ಅವರು ತಮ್ಮಿಂದ ಏನೋ ದೊಡ್ಡದಾತು ಅಂತ ಬಂದವ್ರಿಗೆಲ್ಲ ಹೇಳಕೋತ ಕುಂದರ್ತಾರ. ನನಗ ಅದನ್ನ ಕೇಳಾಕ ಆಗಂಗಿಲ್ಲ."

ಅವಳು ಆದೇಶವನ್ನು ನಾಲ್ಕು ಮಡಿಕೆ ಮಾಡಿ ಊಟದ ಡಬ್ಬಿಯ ಕೆಳಗೆ ತುರುಕಿ, ಪೀಣ್ಯದ ಬಸ್ಸಿಗೆ ಕೈಮಾಡಿ ಓಡಿದಳು. ಬಸ್ಸು ಪೂರ್ತಿ ನಿಲ್ಲಲಿಲ್ಲ. ಬಾಗಿಲಲ್ಲಿದ್ದ ಯಾರೋ ಅವಳ ಕೈಹಿಡಿದು ಒಳಗೆಳೆದುಕೊಂಡರು.